ಷಡ್ಡಕನನ್ನು ಕೇಳದೆ ಆರಿಸಿದ ತಗಡು

ನನ್ನ ಹೆಂಡತಿಯ ತಂಗಿಯ ಗಂಡನ ಮೇಲೆ ನನಗಿದ್ದ ಹೊಟ್ಟೆಕಿಚ್ಚನ್ನು ನಾನು ಬಹುಕಾಲ ಬೇರೆ ಬೇರೆ ಹೆಸರುಗಳಿಂದ ಕರೆದುಕೊಂಡಿದ್ದೆ. ಅವನಿಗೆ ಅವಸರ ಹೆಚ್ಚು ಎಂದೆ. ಕೆಲಸದಲ್ಲಿ ಕ್ರಮವಿಲ್ಲ ಎಂದೆ. ನಿಜವಿಷ್ಟೆ: ಭಾಲ್ಕಿ ತಾಲ್ಲೂಕಿನ ನಮ್ಮ ಮಾವನವರ ಮನೆಯಲ್ಲಿ ಏನೇ ಕೆಟ್ಟರೂ ಫೋನು ಅವನಿಗೆ ಹೋಗುತ್ತಿತ್ತು. ಅವನು ಬೀದರಿನ ಪಕ್ಕದ ಕೊಳಾರದಲ್ಲಿ ವೆಲ್ಡಿಂಗ್ ಶೆಡ್ ಇಟ್ಟುಕೊಂಡವನು. ನಾನು ಔರಾದಿನ ಶಾಲೆಯೊಂದರಲ್ಲಿ ಇಪ್ಪತ್ತೆರಡು ವರ್ಷ ಕನ್ನಡ ವ್ಯಾಕರಣ ಕಲಿಸಿ, ಸ್ವಯಂನಿವೃತ್ತಿ ಪಡೆದು, ಬೀದರಿನ ಮೈಲೂರಿನಲ್ಲಿ ಮನೆ ಮಾಡಿಕೊಂಡವನು. ನಾನು ಹೋದರೆ ಮಾವ ಎದ್ದು ನಿಂತು, “ಬರ್ರಿ ಮಾಸ್ತರ್ರ, ಕೂಡ್ರಿ” ಎಂದು ಹೆಗಲ ಮೇಲಿನ ವಸ್ತ್ರದಿಂದ ಕುರ್ಚಿ ಒರೆಸುತ್ತಿದ್ದರು. ಅವನು ಹೋದರೆ ಕೂತಲ್ಲಿಂದಲೇ, “ಬಂದ್ಯಾ? ಮದ್ಲ ಆ ಮೋಟರ್ ನೋಡು” ಎನ್ನುತ್ತಿದ್ದರು. ನಾನು ಆ ಕುರ್ಚಿಯಲ್ಲಿ ಕುಳಿತು, ಅವನು ಬರೀ ಬನಿಯನ್ನಿನಲ್ಲಿ ಮೋಟರು ಬಿಚ್ಚುವುದನ್ನೂ ಮಾವ ಅವನ ಪಕ್ಕದಲ್ಲಿ ಕುಕ್ಕರಗಾಲಿನಲ್ಲಿ ಕೂತು ಮಾತಾಡುವುದನ್ನೂ ನೋಡುತ್ತಿದ್ದೆ.

ಮಾವನವರ ಹೊಲದ ಒಂದು ತುಂಡು ಜಲಾಶಯದ ಹಿನ್ನೀರಿನ ಆಚೆಗಿದೆ. ಮಳೆಗಾಲದಲ್ಲಿ ಕಾಲುದಾರಿ ಮುಳುಗಿದರೆ ಆಳುಗಳೂ ಗೊಬ್ಬರದ ಚೀಲಗಳೂ ದೂರದ ಸುತ್ತು ಹಾಕಿ ಹೋಗಬೇಕು. ಆದ್ದರಿಂದ ಒಂದು ದೋಣಿ ಮಾಡಿಸುವುದೆಂದಾಯಿತು. ಗಾಳಿ ತುಂಬಿ ಮುಚ್ಚಿದ ಎರಡು ಉದ್ದ ಕೊಳವೆಗಳು, ಅವುಗಳ ಮೇಲೆ ಕಬ್ಬಿಣದ ಚೌಕಟ್ಟು, ಚೌಕಟ್ಟಿನ ಮೇಲೆ ಹಲಗೆಯ ಹಾಸು. ಕಟ್ಟುವವನು ಷಡ್ಡಕನೇ, ಅದರ ಬಗ್ಗೆ ಚರ್ಚೆಯೂ ನಡೆಯಲಿಲ್ಲ. ಆದರೆ ಅಲೆ ಕೆಳಗಿನಿಂದ ಬಡಿದರೆ ಹಲಗೆ ಬೇಗ ಕೊಳೆಯುತ್ತದೆ, ಹಾಸಿನ ತಳಕ್ಕೆ ಏನಾದರೂ ಹೊದಿಸಬೇಕು ಎಂಬ ಮಾತು ಬಂದಾಗ, ಮಾವ ನನ್ನ ಕಡೆಗೆ ತಿರುಗಿದರು.

“ತಳಕ್ಕ ಏನು ಹೊದಿಸೂದು ಅನ್ನೋದು ಮಾಸ್ತರ್ರು ನೋಡ್ಲಿ. ಅವ್ರು ಎಲ್ಲಾ ತೂಕ ಮಾಡಿ ಹೇಳ್ತಾರ.”

ಆ ಮನೆಯಲ್ಲಿ ನನ್ನನ್ನು ಒಂದು ಕೆಲಸಕ್ಕೆ ಕೇಳಿದ್ದು ಅದೇ ಮೊದಲು. ಇದೊಂದನ್ನು ಸರಿಯಾಗಿ ಮಾಡಿ ತೋರಿಸಿದರೆ ಮುಂದಿನ ಫೋನು ನನಗೆ ಬರುತ್ತದೆ ಎಂದು ನಾನು ನಂಬಿದೆ. ಷಡ್ಡಕನನ್ನು ಒಂದು ಮಾತೂ ಕೇಳಬಾರದೆಂದು ಆಗಲೇ ನಿಶ್ಚಯಿಸಿದೆ.

ನಾಲ್ಕು ಮಾದರಿಗಳನ್ನು ತಂದೆ: ಬಣ್ಣ ಬಳಿದ ಪ್ಲೈವುಡ್, ಸತುವಿನ ಲೇಪದ ತಗಡು, ದಪ್ಪ ಪ್ಲಾಸ್ಟಿಕ್ ಹಾಳೆ, ಅಲ್ಯೂಮಿನಿಯಂ ಹಾಳೆ. ಒಂದೊಂದಕ್ಕೂ ಕಬ್ಬಿಣದ ಸ್ಕ್ರೂ ಜಡಿದು, ಕಲ್ಲು ಕಟ್ಟಿ, ಮನೆಯ ಹಿಂದಿನ ನೀರಿನ ತೊಟ್ಟಿಯಲ್ಲಿ ಮುಳುಗಿಸಿದೆ. ನಲವತ್ತು ದಿನ, ದಿನವೂ ಬೆಳಿಗ್ಗೆ ತೆಗೆದು ನೋಡಿ, ಗೆರೆ ಹಾಕಿದ ನೋಟ್‌ಬುಕ್ಕಿನಲ್ಲಿ ಬರೆದೆ.

“ಏನ್ರಿ, ತಗಡ ನೆನಿ ಹಾಕೀರಿ. ನಾಳಿಗಿ ಮೊಳಕಿ ಬಂದ್ರ ಉಸಳಿ ಮಾಡ್ಲೇನು?” ಎಂದಳು ನನ್ನ ಹೆಂಡತಿ. ಆಮೇಲೆ, “ನಮ್ ತಂಗಿ ಗಂಡಗ ಒಂದ್ ಮಾತ ಕೇಳಿದ್ರ ಐದ್ ಮಿನಿಟಿನ್ಯಾಗ ಹೇಳ್ತಿದ್ದ” ಎಂದೂ ಸೇರಿಸಿದಳು. ಅಂದಿನಿಂದ ನಾನು ದಿನಕ್ಕೆ ಎರಡು ಬಾರಿ ತೆಗೆದು ನೋಡತೊಡಗಿದೆ.

ಪ್ಲೈವುಡ್ಡಿನ ಅಂಚು ಉಬ್ಬಿತು. ಸತುವಿನ ತಗಡನ್ನು ಕತ್ತರಿಸಿದ ಕಡೆಯಲ್ಲಿ ತುಕ್ಕು ಕಾಣಿಸಿತು. ಪ್ಲಾಸ್ಟಿಕ್ ನೀರಿನಲ್ಲಿ ಗಟ್ಟಿಯಾಗಿಯೇ ಉಳಿದರೂ ಬಿಸಿಲಿಗಿಟ್ಟಾಗ ಸೊಟ್ಟಗಾಯಿತು. ಅಲ್ಯೂಮಿನಿಯಂ ಮಾತ್ರ ಕೆಡಲಿಲ್ಲ. ಕಬ್ಬಿಣದ ಸ್ಕ್ರೂ ತಾಗಿದಲ್ಲಷ್ಟೇ ಬಿಳಿ ಪುಡಿ ಕಟ್ಟಿತ್ತು. ಹಾಗಾದರೆ ಅಲ್ಯೂಮಿನಿಯಂ ಹಾಳೆ, ಅದೇ ಲೋಹದ ರಿವೆಟ್ಟು, ಚೌಕಟ್ಟಿಗೂ ಹಾಳೆಗೂ ನಡುವೆ ರಬ್ಬರಿನ ಪಟ್ಟಿ. ಈ ಆಯ್ಕೆ ಸರಿಯಾಗಿಯೇ ಇತ್ತು. ಅದನ್ನು ಇಂದಿಗೂ ಹೇಳುತ್ತೇನೆ.

ಹೊದಿಸುವ ಕ್ರಮ ಕೇಳಲು ಔರಾದಿಗೆ ಹೋದೆ. ಅಲ್ಲಿ ಜೋಳ ತುಂಬುವ ತಗಡಿನ ಕಣಜಗಳನ್ನು ಮಾಡುವ ಹಳೆಯ ಪರಿಚಯದವರೊಬ್ಬರಿದ್ದಾರೆ. ಅವರು ತಾವು ಬಲ್ಲದ್ದನ್ನೇ ಹೇಳಿದರು: “ಸಂದಿ ಬಿಡಬ್ಯಾಡ್ರಿ ಸರ್. ಇರುವಿ ಹೋಗೋವಷ್ಟೂ ಬಿಡಬ್ಯಾಡ್ರಿ. ತ್ಯಾವ ಹೊಕ್ಕರ ಮುಗೀತು.” ನಮ್ಮ ಕಡೆಯವರಿಗೆ ಧಾನ್ಯವನ್ನು ನೀರಿನಿಂದ ಕಾಯುವುದು ಗೊತ್ತು, ನೀರಿನ ಮೇಲೆ ಬದುಕುವುದು ಗೊತ್ತಿಲ್ಲ. ನಾನು ಕಾಗದದ ಮೇಲೆ ಏಳು ಅಂಶಗಳನ್ನು ದುಂಡಗೆ ಬರೆದೆ. ಏಳನೆಯದು ಹೀಗಿತ್ತು: ‘ನಾಲ್ಕೂ ಅಂಚುಗಳನ್ನು ಅಂಟಿನಿಂದ ಸಂಪೂರ್ಣವಾಗಿ ಮುಚ್ಚತಕ್ಕದ್ದು, ಎಲ್ಲಿಯೂ ರಂಧ್ರವಿರಕೂಡದು.’

ಕೊಳಾರದ ಶೆಡ್ಡಿನಲ್ಲಿ ಷಡ್ಡಕ ಅದನ್ನು ಎರಡು ಸಲ ಓದಿದ.

“ಅಣ್ಣಾರ, ತಗಡ ಭಾಳ ಛಲೋ ಆರಿಸೀರಿ. ಆದ್ರ ಮ್ಯಾಲಿಂದ ನೀರ್ ಒಳಗ ಬಂದ್ರ ಹ್ಯಾಂಗ್ರಿ?”

“ಬರಬಾರ್ದು ಅಂತ್ಲೇ ಮುಚ್ಚೂದು.”

“ಆತ್ರಿ” ಎಂದು ಅವನು ಕಾಗದವನ್ನು ಮಡಚಿ ನನ್ನ ಕೈಗೇ ಕೊಟ್ಟ. ಅವನು ಸೋತನೆಂದು ನಾನು ಭಾವಿಸಿದೆ. ಆ ದಿನ ಬೀದರಿನ ದಾರಿಯುದ್ದಕ್ಕೂ ನನಗೆ ಹಬ್ಬದಂತಿತ್ತು.

ದೋಣಿ ನೀರಿಗಿಳಿದಾಗ ಮಾವ ಬಗ್ಗಿ ತಳ ನೋಡಿ, “ಹಗೇವಿನ ಬಾಯಿ ಮುಚ್ಚಿದಂಗ ಮುಚ್ಚೀರಿ ಮಾಸ್ತರ್ರ” ಎಂದರು. ನೆಲದಡಿಯ ಜೋಳದ ಕುಣಿಗೆ ಹೋಲಿಸಿದ್ದು ಅವರ ಮಾತಿನಲ್ಲಿ ದೊಡ್ಡ ಹೊಗಳಿಕೆ. ನಾನು ಷಡ್ಡಕನ ಮುಖ ನೋಡಿದೆ. ಅವನು ಹಗ್ಗ ಬಿಗಿಯುತ್ತಿದ್ದ.

ಎರಡು ವಾರದ ಮೇಲೆ ಜೋರಾಗಿ ಮಳೆಯಾಯಿತು. ಮರುದಿನ ಬೆಳಿಗ್ಗೆ ಫೋನು ನನಗೇ ಬಂತು. “ದೋಣಿ ಒಂದ್ ಕಡಿ ವಾಲ್ಯದ, ನೋಡ್ಲಿಕ್ಕ ಬರ್ರಿ” ಎಂದರು ಮಾವ. ಕರೆದದ್ದಕ್ಕೆ ಮೊದಲು ಸಂತೋಷವಾಯಿತು. ಏಕೆ ಕರೆದರೆಂಬುದು ಆಮೇಲೆ ತಲೆಗೆ ಹೋಯಿತು.

ನಾನು ತಲುಪುವಾಗ ಷಡ್ಡಕ ಅಲ್ಲಿದ್ದ. ಹಾಸಿನ ಮೇಲೆ ಕಾಲಿಟ್ಟೆ. ಕೆಳಗೆ ನೀರು ಕುಲುಕುವ ಸದ್ದು ಕೇಳಿಸಿತು. ಮಳೆಯ ನೀರು ಹಲಗೆಯ ಸಂದಿಗಳಿಂದ ಇಳಿದು, ಹೊರಗೆ ಹೋಗಲು ದಾರಿಯಿಲ್ಲದೆ ನಾನು ಮುಚ್ಚಿಸಿದ ತಗಡಿನ ಮೇಲೆ ನಿಂತಿತ್ತು. ಷಡ್ಡಕ ಸೊಂಟದವರೆಗೆ ನೀರಿಗಿಳಿದು, ಇಕ್ಕಳ ಹಿಡಿದು, ದೋಣಿಯ ಹಿಂಭಾಗದ ತಳಕ್ಕೆ ಕೈ ಹಾಕಿದ. ಒಂದು ರಬ್ಬರಿನ ಬೂಚು ಹೊರಗೆ ಬಂತು. ಹಿಂದೆಯೇ ನೀರು ಧಾರೆಯಾಗಿ ಸುರಿಯಿತು. ಎರಡನೆಯದು, ಮೂರನೆಯದು. ನನಗೆ ಹೇಳದೆ ಅವನು ಆರು ತೂತು ಕೊರೆದು ಬೂಚು ಜಡಿದಿಟ್ಟಿದ್ದ.

ಎಮ್ಮೆಗೆ ನೀರು ಕುಡಿಸಲು ಬಂದಿದ್ದ ಪಕ್ಕದ ಹೊಲದವರು ನೋಡುತ್ತ ನಿಂತಿದ್ದರು. “ಈ ಬೂಚಿನ ಶಾಣ್ಯಾತನ ಯಾರದಪಾ?”

“ಅಣ್ಣಾರದ್ರಿ. ಕಾಗದದಾಗ ಬರ್ದು ಕೊಟ್ಟಿದ್ರು” ಎಂದ ಷಡ್ಡಕ, ನನ್ನ ಕಡೆ ನೋಡದೆ.

“ಹಂಗಾರ ಆ ಕಾಗದ ನಮಗೂ ಕೊಡ್ರಿ ಸರ್. ನಾವೂ ಇಂಥಾದ್ದೇ ಒಂದು ಮಾಡಸ್ಬೇಕಂತೀವಿ.”

ಕಾಗದ ನನ್ನ ಚೀಲದಲ್ಲೇ ಇತ್ತು. ಕೊಟ್ಟರೆ ಅವರ ದೋಣಿಯೂ ಹೀಗೆಯೇ ವಾಲುತ್ತದೆ. ಕೊಡದಿದ್ದರೆ ಮಾವನವರ ಮುಂದೆ ನನ್ನ ಮಾನ ಉಳಿಯುತ್ತದೆ. ಅಲ್ಲಿ ನಿಂತು ಇದನ್ನು ತೂಗಿ ನೋಡಿದ್ದಕ್ಕೆ ನಾಚಿಕೆಯಿದೆ.

“ಕಾಗದದಾಗ ಬೂಚಿಲ್ರಿ” ಎಂದೆ. “ತೂತು ಇರಬಾರ್ದು ಅಂತ ಬರ್ದೀನಿ. ಇದು ಇವಂದೇ ಬುದ್ಧಿ.”

ಮಾವ ಮೆಲ್ಲಗೆ ಹೇಳಿದರು: “ಗೊತ್ತದ ಮಾಸ್ತರ್ರ. ಶೆಡ್ಡಿನಿಂದ ಅವತ್ತೇ ಫೋನ್ ಮಾಡಿದ್ದ. ಅವ್ರು ಬರ್ದಂಗೇ ಮಾಡು, ಒಂದಿಷ್ಟು ತೂತ ಕೊರ್ದು ಬೂಚ ಜಡ್ದಿರು, ಹೇಳ್ಬ್ಯಾಡ ಅಂತ ನಾನೇ ಅಂದಿದ್ದೆ. ನಿಮ್ ಮನಸ್ಸಿಗಿ ಹತ್ತಬಾರ್ದು ನೋಡ್ರಿ.”

ತಪ್ಪು ಬಯಲಾದದ್ದಕ್ಕಿಂತ ಆ ಫೋನು ನನ್ನನ್ನು ಹೆಚ್ಚು ಸುಟ್ಟಿತು. ಇಬ್ಬರೂ ಮಾತಾಡಿಕೊಂಡಿದ್ದರು, ನನ್ನನ್ನು ನೋಯಿಸದಿರಲು ಜೊತೆಯಾಗಿದ್ದರು. ನನ್ನ ತಪ್ಪಿನ ಬಗ್ಗೆಯೂ ಫೋನು ಹೋದದ್ದು ಅವರಿಬ್ಬರ ನಡುವೆಯೇ.

ಹಾಸಿನ ಮೇಲೆ ಕಾಗದವಿಟ್ಟು ಏಳನೆಯ ಅಂಶವನ್ನು ಹೊಡೆದುಹಾಕಿದೆ. ‘ಹಿಂಭಾಗದಲ್ಲಿ ನೀರು ಹೋಗಲು ಆರು ತೂತುಗಳಿರಲಿ. ಉಳಿದದ್ದನ್ನು ಕೊಳಾರದ ಶೆಡ್ಡಿನಲ್ಲಿ ಕೇಳುವುದು’ ಎಂದು ಬರೆದು ಪಕ್ಕದ ಹೊಲದವರಿಗೆ ಕೊಟ್ಟೆ. ಎರಡನೆಯ ವಾಕ್ಯ ಬರೆಯಲು ಮೊದಲನೆಯದಕ್ಕಿಂತ ಹೆಚ್ಚು ಹೊತ್ತು ಹಿಡಿಯಿತು. ಇನ್ನೂ ಮೂರು ಬೂಚುಗಳು ಉಳಿದಿದ್ದವು. ಚಪ್ಪಲಿ ಕಳಚಿ, ಪ್ಯಾಂಟು ಮಡಚಿ, ನೀರಿಗಿಳಿದೆ.

“ಮಾಸ್ತರ್ರ, ನಿಮಗ್ಯಾಕ್ರಿ?” ಎಂದರು ಮಾವ.

ಷಡ್ಡಕ ಇಕ್ಕಳವನ್ನು ನನ್ನ ಕೈಗಿತ್ತ. “ಎಡಕ್ಕ ತಿರುವಿ ಎಳೀರಿ ಅಣ್ಣಾರ. ಮುಖ ಸ್ವಲ್ಪ ಆಚಿ ಇಡ್ರಿ.”

ಎರಡು ಬಂದವು. ಮೂರನೆಯದು ಬಹಳ ಸತಾಯಿಸಿತು. ಅವನ ಮೂರೂ ಎಷ್ಟು ಸಲೀಸಾಗಿ ಬಂದಿದ್ದವೆಂದು ಆಗಲೂ ಲೆಕ್ಕ ಹಾಕುತ್ತಿದ್ದೆ. ಕೊನೆಗೆ ಬೂಚು ಕಿತ್ತು ಬಂತು. ನಲವತ್ತು ದಿನ ಪರೀಕ್ಷಿಸಿದ ತಗಡಿನ ಮೇಲೆ ನಿಂತಿದ್ದ ನೀರೆಲ್ಲ ನನ್ನ ತೋಳಿನ ಮೇಲೆ ಸುರಿಯಿತು.