ಬಾವಿಗೆ ಬಿದ್ದರೂ ಕೆಡದ ಫೋನ್

ಹೊಸ ಫೋನನ್ನು ಅವರು ಕರವಸ್ತ್ರದ ಮೇಲಿಟ್ಟೇ ತೋರಿಸುತ್ತಿದ್ದರು. ಅಜ್ಜಂಪುರದ ಬಸ್ ನಿಲ್ದಾಣದೆದುರು ಮೊಬೈಲ್ ಅಂಗಡಿ ಇಟ್ಟಿದ್ದವರು. ಬಂಡವಾಳವನ್ನೆಲ್ಲ ಆ ಒಂದೇ ಮಾದರಿಯ ಫೋನುಗಳಿಗೆ ಸುರಿದಿದ್ದರು. ಮಾರಾಟವಾಗುವುದೇ ಎಂದು ಯಾರಾದರೂ ಅನುಮಾನಪಟ್ಟರೆ, "ಬರೆದಿಟ್ಕೊಳ್ಳಿ, ಶಿವನಿಯಿಂದ ರೈಲು ಹತ್ತಿ ಬತ್ತಾರೆ ಜನ" ಎನ್ನುತ್ತಿದ್ದರು.

ಆ ಫೋನ್ ಮಾರಾಟಕ್ಕೆ ಬಿಡುಗಡೆಯಾದ ದಿನ ತೆಂಗಿನ ತೋಟದ ಗೌಡರೊಬ್ಬರು ಬಂದರು. ನಮ್ಮ ಕಡೆಯ ರೈತರು ಫೋನನ್ನು ಅಂಗಿಯ ಜೇಬಿನಲ್ಲಿಟ್ಟು, ಜಾರುತ್ತದೆಯೇ ಎಂದು ಬಗ್ಗಿ ನೋಡಿಯೇ ಕೊಳ್ಳುವುದು. ಗೌಡರು ಬಗ್ಗಿದರು, ಫೋನ್ ಜಾರಿ ಅಂಗಡಿಯವರ ಅಂಗೈಗೆ ಬಿತ್ತು.

"ಲೇ, ಬಾವಿ ಹತ್ರ ಬಗ್ಗಿದ್ರೆ ಒಳಗೇ ಹೋಯ್ತದಲ್ಲೋ!"

"ಬರೆದಿಟ್ಕೊಳ್ಳಿ ಗೌಡ್ರೇ, ನೀರಿಗೆ ಬಿದ್ರೂ ಇದಕ್ಕೇನೂ ಆಗಲ್ಲ."

"ಆಗಲ್ಲ, ಸರಿ ಕಣಯ್ಯಾ. ಎತ್ತೋಕೆ ನೀನು ಇಳೀತೀಯಾ?"

ಅಂಗಡಿಯಲ್ಲಿದ್ದವರೆಲ್ಲ ನಕ್ಕರು, ಯಾರೂ ಕೊಳ್ಳಲಿಲ್ಲ. ಮರುದಿನ ಬೆಳಿಗ್ಗೆ ನಾನು ಅಲ್ಲಿಗೇ ಹೋಗಿ, ಅಪ್ಪನಿಗೆ ಕೊರಳಿಗೆ ನೇತುಹಾಕಿಕೊಳ್ಳುವ ಬಟನ್ ಫೋನ್ ಕೊಂಡೆ.