ಎದೆಬಡಿತದ ಎಲೆಸಂಚಿ

ಇಳಕಲ್ಲಿನ ನಮ್ಮ ಓಣಿಯ ದರ್ಜಿ ಇಮಾಮಸಾಬರಿಗೆ ಅಳತೆಪಟ್ಟಿ ಬೇಕಿರಲಿಲ್ಲ. ಹೆಂಗಸರು ಹಳೆ ಕುಪ್ಪಸ ಇಟ್ಟುಹೋದರೆ ಹೊಸದು ಸಿದ್ಧ. ಉಳಿದ ಖಣದ ತುಂಡುಗಳೆಲ್ಲ ಎಲೆ-ಅಡಿಕೆಯ ಸಂಚಿಗಳಾಗಿ ಊರಿನ ಅರ್ಧ ಸೊಂಟಗಳಲ್ಲಿ ಸಿಕ್ಕಿಕೊಂಡಿದ್ದವು. ಇಂಥವರ ಕತ್ತರಿಯನ್ನು ಗಾಳಿಯಲ್ಲೇ ನಿಲ್ಲಿಸಿದ್ದು ೧೯೮೪ರಲ್ಲಿ ಬಂದ ಒಂದು ಪೆಟ್ಟಿಗೆ.

ಎದುರುಮನೆಯ ನೇಕಾರ ಗುರುಲಿಂಗವ್ವನಿಗೆ ಆಗಾಗ ಎದೆ ಡವಡವ ಹೊಡೆದುಕೊಳ್ಳುತ್ತಿತ್ತು. ಇನ್ನು ಮಗ್ಗಕ್ಕೆ ಕೂಡ್ರಬಹುದೋ ಇಲ್ಲವೋ, ಅವಳಿಗೆ ಬೇಕಾದ ಉತ್ತರ ಅದೊಂದೇ. ಬಾಗಲಕೋಟೆಯ ಡಾಕ್ಟರು ನರ್ಸಬಾಯಿಯ ಕೈಲಿ ಎದೆಗೆ ವೈರು ಅಂಟಿಸಿ, ಪೆಟ್ಟಿಗೆಯನ್ನು ಕೊರಳಿಗೆ ತೂಗುಹಾಕಿ, "ಒಂದ ದಿನ ಪೂರಾ ಬಿಚ್ಚಬ್ಯಾಡ್ರಿ. ದಿನಾ ನೇಯ್ದಂಗ ನೇಯ್ರಿ. ಬಡಿತೆಲ್ಲಾ ಒಳಗಿನ ಕ್ಯಾಸೆಟ್ಟಿನಾಗ ಬರ್ತೈತಿ" ಎಂದು ಕಳಿಸಿದ್ದರು.

ಬಗ್ಗಿದಾಗಲೆಲ್ಲ ಪೆಟ್ಟಿಗೆ ತೂಗಿ ಮಗ್ಗಕ್ಕೆ ಬಡಿಯಿತು. ನಾಲ್ಕು ಎಳೆ ಹರಿದ ಮೇಲೆ ಅವಳು ದರ್ಜಿ ಅಂಗಡಿಗೆ ಬಂದಳು.

"ಇಮಾಮಣ್ಣಾ, ಸೀರಿ ಉಳಿಸ್ಲ್ಯೋ, ಎದಿ ಉಳಿಸ್ಲ್ಯೋ?"

"ಎರಡೂ ಉಳೀಲಿ ಬಿಡವ್ವ. ಪೆಟ್ಟಿಗಿ ಇತ್ತ ಕೊಡು, ಅಳತಿ ನೋಡ್ತೇನಿ."

"ಕೊಟ್ರ ಎದಿನೂ ಸಂಗಟ ಬರ್ತೈತಿ."

ಕಣ್ಣಳತೆಯಲ್ಲೇ ಸಂಚಿ ಹೊಲಿದರು. ಪೆಟ್ಟಿಗೆಗೊಂದು ಕಿಸೆ, ವೈರಿಗೊಂದು ಕಾಜಾ, ಹಿಂದೆ ಕಟ್ಟಲು ಲಾಡಿ. ಆದರೆ ಒಂದೇ ಕಿಸೆಯ ಸಂಚಿ ಅವರ ಕೈಗೆ ಬರದು. ಎಲೆಗೊಂದು, ಅಡಿಕೆಗೊಂದು, ಸುಣ್ಣದ ಡಬ್ಬಿಗೊಂದು ತಾವಾಗೇ ಸೇರಿಕೊಂಡವು. ಗುರುಲಿಂಗವ್ವ ಅವನ್ನೂ ತುಂಬಿಕೊಂಡಳು. ಸಂಜೆತನಕ ಒಂದು ಎಳೆಯೂ ಹರಿಯಲಿಲ್ಲ.

ವಾರದ ಮೇಲೆ ಡಾಕ್ಟರು ಕ್ಯಾಸೆಟ್ಟಿನ ಬಡಿತ ಅಚ್ಚಾದ ಕಾಗದದ ಪಟ್ಟಿ ಬಿಡಿಸಿ ಹಣೆ ತಿಕ್ಕಿಕೊಂಡರು. ಸಂಚಿಯ ಗತಿ ತಿಳಿಯಲು ಗುರುಲಿಂಗವ್ವನ ಜೋಡಿ ಇಮಾಮಸಾಬರೂ ಹೋಗಿದ್ದರು.

"ಸಂಜಿ ಆರಕ್ಕ ಅರ್ಧ ತಾಸು ಎದಿನ ಬಡದಿಲ್ಲಲ್ರಿ?"

"ಬಡೀದ ಹೆಂಗಿರ್ತೈತ್ರಿ? ನಾ ಬೀಗತಿ ಜೋಡಿ ಮಾತಾಡಾಕತ್ತಿದ್ನಿ."

ಕೇಳುತ್ತ ಹೋದಂತೆ ಗಂಟು ಬಿಚ್ಚಿತು. ಬೀಗತಿ ಶಾರವ್ವ ಬಂದವಳೇ, "ಹೊಸಾ ಸಂಚಿ ಕಟ್ಟೀರಿ, ಒಂದೆಲಿ ಕೊಡೂದಿಲ್ಲೇನು?" ಅಂದಿದ್ದಳು. ಬೀಗರೆದುರು ಸಂಚಿ ಮುಚ್ಚುವುದುಂಟೇ? ಗುರುಲಿಂಗವ್ವ ವೈರು ಕಿತ್ತು, ಪೆಟ್ಟಿಗೆ ಸಮೇತ ಇಡೀ ಸಂಚಿಯನ್ನೇ ಅವಳ ಮಡಿಲಿಗೆ ಹಾಕಿದ್ದಳು. ಬೀಗತಿ ಹೋದ ಮೇಲೆ ವೈರನ್ನು ತನಗೆ ತಿಳಿದಂತೆ ಮತ್ತೆ ಸಿಕ್ಕಿಸಿಕೊಂಡಿದ್ದಳು.

ಡಾಕ್ಟರಿಗೆ ನಗಬೇಕೋ ಬಯ್ಯಬೇಕೋ ತಿಳಿಯಲಿಲ್ಲ. "ಮಗ್ಗದ ಹೊತ್ತಿಂದು ಚಲೋ ಬಂದೈತಿ. ಎದಿ ಓಡಿದ್ದು ಬೀಗತಿ ಬಂದ ಮ್ಯಾಲ. ವೈರು ಕಿತ್ತ ಮ್ಯಾಲಿಂದು ನನಗೂ ತಿಳೀವಲ್ದು."

"ಅಂದ್ರ ನೇಯ್ಲ್ಯಾ?"

"ಮುಂಜಾನಿ ಎರಡ ತಾಸು ನೇಯ್ರಿ. ಮತ್ತೊಮ್ಮೆ ಪಟ್ಟಿ ತಗದು ನೋಡೂಣು."

ಇಮಾಮಸಾಬರು ಕೆಮ್ಮಿದರು. "ಸಾಹೇಬ್ರ, ಸಂಚಿ ಗೆದ್ದತೋ, ಸೋತತೋ?"

"ಬ್ಯಾರೇ ಪೇಷಂಟರಿಗೂ ನಾಕು ಹೊಲ್ದು ಕೊಡ್ರಿ. ಎಲಿ ಕಿಸೆ ಮಾತ್ರ ಬ್ಯಾಡ."

ಆ ನಾಲ್ಕಕ್ಕೆ ಹದಿನೈದು ದಿನ ಹಿಡಿಯಿತು. ಎಲೆಯ ಕಿಸೆ ಇಲ್ಲದ ಸಂಚಿಗೆ ಕತ್ತರಿ ಎಲ್ಲಿಂದ ಹಾಕಬೇಕೆಂದೇ ಅವರಿಗೆ ಹೊಳೆಯುತ್ತಿರಲಿಲ್ಲ. ಖಣ ಹಿಡಿದು ಕೂತೇ ಇರುತ್ತಿದ್ದರು. ಎದುರಿಗೆ ಗುರುಲಿಂಗವ್ವನ ಮಗ್ಗ ದಿನಾ ಮುಂಜಾನೆ ಎರಡು ತಾಸು ಸಪ್ಪಳ ಮಾಡಿ ನಿಲ್ಲುತ್ತಿತ್ತು.