ಮುರಿದ ಮೂರು ಕೊಕ್ಕೆಗಳು

ಹೋದ ತಿಂಗಳು ದಂತವೈದ್ಯರು ನನ್ನ ಹಲ್ಲಿನ ಕುಳಿಗೆ ಮೆತ್ತನೆಯ ಅಂಟೊಂದನ್ನು ತುಂಬಿ, ಅದು ಗಟ್ಟಿಯಾಗಲೆಂದು ನೀಲಿ ಬೆಳಕು ಹಿಡಿದರು. ಆಗ ಬಂದ ಕಮಟು ವಾಸನೆ ನನ್ನನ್ನು ಹೊಸೂರಿನ ಹಳೆಯ ಕಾರ್ಖಾನೆಗೆ ಕರೆದುಕೊಂಡು ಹೋಯಿತು... ಅಲ್ಲಿನ ಪರೀಕ್ಷೆ ಕೋಣೆಗೆ, ಅಕ್ಕನ ಪಕ್ಕಕ್ಕೆ.

ಹೊಸೂರು ಸೇರಿದ ಕೃಷ್ಣಗಿರಿ ಆಗಷ್ಟೇ ಬೇರೆ ಜಿಲ್ಲೆಯಾಗಿತ್ತು. ತುಮಕೂರಿನ ಕಡೆಯಿಂದ ಡಿಪ್ಲೊಮಾ ಮುಗಿಸಿ ಬಂದ ನನಗೆ ಅದು ಮೊದಲ ಕೆಲಸ. ಅಕ್ಕ ಕೆಲಮಂಗಲದವರು, ನನಗಿಂತ ಹದಿನೈದು ವರ್ಷವಾದರೂ ದೊಡ್ಡವರು. ತಮಿಳಿನವರು, ತೆಲುಗಿನವರು, ನಾವು, ಎಲ್ಲರೂ ಅವರನ್ನು ಅಕ್ಕ ಎಂದೇ ಕರೆಯುತ್ತಿದ್ದೆವು. ಮೂರು ಭಾಷೆಗೂ ಆ ಒಂದು ಮಾತು ಸಾಲುತ್ತಿತ್ತು.

ನಮ್ಮಲ್ಲಿ ಜೇನಿನಂಥ ದ್ರವದ ಮೇಲೆ ಲೇಸರ್ ಕಿರಣ ಗೆರೆ ಎಳೆಯುತ್ತಿತ್ತು. ಕಿರಣ ತಾಗಿದಲ್ಲಿ ದ್ರವ ಗಟ್ಟಿ ಪ್ಲಾಸ್ಟಿಕ್ ಆಗುತ್ತಿತ್ತು. ಹೀಗೆ ಪದರದ ಮೇಲೆ ಪದರ ಕೂತು ಅಕ್ಕಿಕಾಳಿನಷ್ಟು ಸಾಮಾನುಗಳು ತಯಾರಾಗುತ್ತಿದ್ದವು. ಅವು ಎಷ್ಟು ಎಳೆತ ತಡೆಯುತ್ತವೆಂದು ನೋಡುವುದು ಅಕ್ಕನ ಕೆಲಸ. ಚಿಮಟದಲ್ಲಿ ಎತ್ತಿ, ಉಸಿರು ಬಿಗಿಹಿಡಿದು, ಯಂತ್ರದ ಹಿಡಿಗಳ ನಡುವೆ ಕೂರಿಸುತ್ತಿದ್ದರು. ಮುರಿದ ಸದ್ದೂ ಕೇಳುತ್ತಿರಲಿಲ್ಲ. ಪರದೆಯ ಮೇಲಿನ ಅಂಕಿ ಥಟ್ಟನೆ ಇಳಿಯುತ್ತಿತ್ತು, ಅಷ್ಟೇ. ಮುರಿದದ್ದನ್ನು ಬಿಸಾಡದೆ ಬೆಂಕಿಪೊಟ್ಟಣದಲ್ಲಿ ಹಾಕಿ, ಮೇಲೆ ತಾರೀಖು ಬರೆದಿಡುತ್ತಿದ್ದರು.

ಒಮ್ಮೆ, ಕಿವಿ ಮಂದವಿರುವ ಮಕ್ಕಳು ಹಾಕಿಕೊಳ್ಳುವ ಯಂತ್ರಕ್ಕೆ ಪುಟ್ಟ ಕೊಕ್ಕೆ ಮಾಡುವ ಕೆಲಸ ಬಂತು. ಬ್ಯಾಟರಿಯ ಮುಚ್ಚಳ ಹಿಡಿದಿಡುವ ಕೊಕ್ಕೆ ಅದು. ನಕ್ಷೆ ನನ್ನದೇ. ಮಾಡಿದ್ದರಲ್ಲಿ ಹತ್ತನ್ನು ಎಳೆದು ನೋಡಿದೆವು. ಏಳು ಚೆನ್ನಾಗಿ ತಡೆದವು. ಮೂರು ಅರ್ಧ ಎಳೆತಕ್ಕೇ ಮುರಿದವು. ಸಂಜೆಯೊಳಗೆ ವರದಿ ಬೇಕೆಂದು ಮ್ಯಾನೇಜರ್ ಅವಸರ ಮಾಡುತ್ತಿದ್ದರು. ಆ ಮೂರನ್ನು ಯಂತ್ರದ ಹಿಡಿಗಳು ಸರಿಯಾಗಿ ಹಿಡಿದಿರಲಿಲ್ಲವೆಂದು ನನಗೆ ನಾನೇ ಹೇಳಿಕೊಂಡು, ಏಳರ ಫಲಿತಾಂಶವನ್ನಷ್ಟೇ ಬರೆದು ಅಕ್ಕನ ರುಜುವಿಗೆ ಇಟ್ಟೆ.

ಅಕ್ಕ ಓದಿದರು. ಬೆಂಕಿಪೊಟ್ಟಣ ತೆರೆದು ಆ ಮೂರನ್ನೂ ಭೂತಗನ್ನಡಿಯ ಕೆಳಗಿಟ್ಟರು. ಮುರಿದ ಜಾಗ ಬ್ಲೇಡಿನಲ್ಲಿ ಕೊಯ್ದಂತೆ ನುಣ್ಣಗಿತ್ತು. ಅಲ್ಲಿ ಪದರಕ್ಕೆ ಪದರ ಸರಿಯಾಗಿ ಕಚ್ಚಿಕೊಂಡೇ ಇರಲಿಲ್ಲ. ಕೊಕ್ಕೆಗಳನ್ನು ನಿಂತ ಹಾಗೆ ಮಾಡಿಸಿದ್ದು ನಾನು; ಹಾಗಾಗಿ ಪದರಗಳು ಎಳೆತಕ್ಕೆ ಅಡ್ಡವಾಗಿ ಕೂತಿದ್ದವು. ಎಳೆದಾಗ ಪದರಗಳೇ ಬಿಟ್ಟುಕೊಂಡಿದ್ದವು.

“ನೀನು ಬರ್ದಿರೋ ಏಳೂ ಸುಳ್ಳಲ್ಲ ಕಣಮ್ಮ. ಆದ್ರೆ ಈ ಮೂರೂ ನಾವೇ ಮಾಡಿದ್ದು,” ಎಂದರು. “ಇಸ್ಕೂಲಲ್ಲಿ ಕೂತಿರೋ ಮಗೀಗೆ ಇದ್ದಕ್ಕಿದ್ದಂಗೆ ಏನೂ ಕೇಳಿಸ್ದಂಗಾದ್ರೆ, ಅದು ಯಾರ್ ತಾವ ಹೇಳ್ಕೊಂಡಾತು?”

ಅಕ್ಕ ನನ್ನ ಹಾಳೆಯನ್ನು ಮಡಚಿ ನನಗೇ ಕೊಟ್ಟು, ಹತ್ತೂ ಕೊಕ್ಕೆಗಳ ವರದಿಯನ್ನು ತಮ್ಮ ಕೈಯಾರೆ ಬರೆದರು. ಕೊಕ್ಕೆಗಳನ್ನು ಮಲಗಿಸಿದ ಹಾಗೆ ಹೊಸದಾಗಿ ಮಾಡಿದೆವು. ಈ ಸಲ ಹತ್ತೂ ತಡೆದವು. ಆ ದಿನ ಮಧ್ಯಾಹ್ನ ಊಟಕ್ಕೆ ಕೂತಾಗ ಅಕ್ಕ ತಮ್ಮ ಡಬ್ಬಿಯಿಂದ ನನಗೆ ಮಾವಿನಹಣ್ಣಿನ ಹೋಳು ಕೊಟ್ಟರು. ಸೇಂದೂರವೋ ಬಾದಾಮಿಯೋ... ಈಗ ನೆನಪಿಲ್ಲ.

ಆದರೆ ಕೆಲಸ ತಡವಾಗಿತ್ತು. ಮ್ಯಾನೇಜರ್ ಇಬ್ಬರನ್ನೂ ಕರೆಸಿ, ಮೊದಲ ಕೊಕ್ಕೆಗಳನ್ನು ಕಳಿಸದೆ ನಿಲ್ಲಿಸಿದ್ದು ಯಾರೆಂದು ಕೇಳಿದರು. ತಪ್ಪು ನನ್ನ ನಕ್ಷೆಯದೆಂದು ನಾನು ಹೇಳಬೇಕಿತ್ತು. ನೆಲ ನೋಡುತ್ತ ನಿಂತೆ.

“ನಾನೇ ನಿಲ್ಸಿದ್ದು ಸಾರ್,” ಎಂದರು ಅಕ್ಕ.

ಎರಡು ತಿಂಗಳ ಮೇಲೆ ಅವರ ಕಾಂಟ್ರಾಕ್ಟ್ ಮುಂದುವರಿಯಲಿಲ್ಲ. ಹೋಗುವ ದಿನ, ಒಂದು ಭಾನುವಾರ ಊರಿಗೆ ಬಾ ಎಂದು ಕರೆದರು. ಬರುತ್ತೇನೆ ಎಂದೆ. ಇಪ್ಪತ್ತು ವರ್ಷವಾದರೂ ಹೋಗಲಿಲ್ಲ.

ದಂತವೈದ್ಯರ ಬಳಿ ಹೋಗಿಬಂದ ವಾರವೇ ಕೆಲಮಂಗಲಕ್ಕೆ ಹೋದೆ. ಸಂತೆಬೀದಿಯ ಹಿಂದೆ ಮನೆ ಸಿಕ್ಕಿತು. ಅಕ್ಕ ತೀರಿಕೊಂಡು ಮೂರು ವರ್ಷವಾಗಿತ್ತು. ಅವರ ತಂಗಿಯ ಮುಂದೆ ನಡೆದದ್ದನ್ನೆಲ್ಲ ಹೇಳಿದೆ, ನಾನು ಸುಮ್ಮನೆ ನಿಂತದ್ದನ್ನೂ.

ಆಕೆ ಕಾಫಿ ಲೋಟ ನನ್ನ ಮುಂದಿಟ್ಟರು. “ಅಕ್ಕ ಇದ್ಯಾವ್ದೂ ಹೇಳ್ಳಿಲ್ವಲ್ಲಮ್ಮ. ಕಾಂಟ್ರಾಕ್ಟ್ ಮುಗೀತು ಅಂದ್ಲು. ತುಮ್ಕೂರ್ ಕಡೆ ಹುಡ್ಗಿ ಒಬ್ಳು ಜತೇಲಿದ್ಲು, ಕೆಲ್ಸ ಚೆನ್ನಾಗಿ ಕಲ್ತ್ಕೊಂಡ್ಲು ಅಂತಿದ್ಲು.”

ಕಾಫಿ ಕುಡಿದು ಎದ್ದೆ. ವಾಪಸು ಹೊಸೂರು ತಲುಪಲು ಒಂದು ಗಂಟೆಯೂ ಹಿಡಿಯಲಿಲ್ಲ.